ದೋಣಿಯ ಡೀಸೆಲ್ ಎಂಜಿನ್‌ಗೆ ಏರ್ ಹಿಡಿದರೆ: ಟ್ಯಾಂಕ್‌ನಿಂದ ನಾಝಲ್‌ವರೆಗೆ ಗಾಳಿ ತೆಗೆಯುವ ಕ್ರಮ

ಎಂಜಿನ್ ಸ್ಟಾರ್ಟ್ ಆಗುತ್ತದೆ. ಅರ್ಧ ನಿಮಿಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಸದ್ದು ಏರಿಳಿಯಲು ಶುರುವಾಗಿ, ಒಂದೆರಡು ಸಲ ಉಸಿರು ಕಟ್ಟಿದ ಹಾಗೆ ಮಾಡಿ ನಿಂತುಬಿಡುತ್ತದೆ. ಮತ್ತೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಹತ್ತುವುದಿಲ್ಲ. ಫಿಲ್ಟರ್ ಬದಲಾಯಿಸಿದ ಮೇಲೆ ಅಥವಾ ಟ್ಯಾಂಕ್ ತಳ ಕಂಡ ಮೇಲೆ ಹೀಗಾದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಡೀಸೆಲ್ ಲೈನಿಗೆ ಗಾಳಿ ಹೊಕ್ಕಿದೆ. ಏನೂ ಮುಟ್ಟದೇ ಇದ್ದಾಗ ಹೀಗಾದರೆ ಆಗಲೂ ಹೆಚ್ಚಾಗಿ ಗಾಳಿಯೇ, ಆದರೆ ಅದು ಎಲ್ಲಿಂದ ಬಂತು ಅಂತ ಹುಡುಕುವ ಕೆಲಸವೂ ಜೊತೆಗೆ ಬರುತ್ತದೆ. ಅದನ್ನು ಕೊನೆಯಲ್ಲಿ ನೋಡೋಣ.

ಇಷ್ಟು ಚಿಕ್ಕ ಗುಳ್ಳೆಗೆ ಎಂಜಿನ್ ಯಾಕೆ ಸೋಲುತ್ತದೆ? ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿದು ಹಿಡಿಯನ್ನು ತಳ್ಳಿ ನೋಡಿ. ಒಳಗೆ ಹೋಗುತ್ತದೆ, ಬಿಟ್ಟರೆ ಸ್ಪ್ರಿಂಗ್ ಥರ ವಾಪಸ್ ಬರುತ್ತದೆ. ಅದೇ ಪಂಪಿನಲ್ಲಿ ನೀರು ತುಂಬಿದ್ದರೆ ಹಿಡಿ ಕದಲುವುದೇ ಇಲ್ಲ. ಎಂಜಿನ್‌ನ ಇಂಜೆಕ್ಷನ್ ಪಂಪ್ ಒಂದೊಂದು ಸಲಕ್ಕೆ ತಳ್ಳುವುದು ಒಂದು ಹನಿಗಿಂತಲೂ ಕಡಿಮೆ ಡೀಸೆಲ್. ಆ ಹನಿಯ ಒತ್ತಡಕ್ಕೆ ನಾಝಲ್, ಅಂದರೆ ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ಮೂತಿ, ಬಾಯಿ ಬಿಡಬೇಕು, ಅದಕ್ಕೆ ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 100ರಿಂದ 250 ಬಾರ್ ಬೇಕು (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ನಡುವೆ ಒಂದು ಗುಳ್ಳೆ ಇದ್ದರೆ ಪಂಪ್ ತಳ್ಳಿದಾಗ ಗುಳ್ಳೆ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ, ನಾಝಲ್ ಮಾತ್ರ ತೆರೆಯುವುದಿಲ್ಲ. ಪಂಪ್ ಚೆನ್ನಾಗಿದೆ, ಡೀಸೆಲ್ ಇದೆ, ಬ್ಯಾಟರಿ ಇದೆ, ಆದರೂ ಎಂಜಿನ್ ಸತ್ತ ಹಾಗೆ.

ಶುರು ಮಾಡುವ ಮೊದಲು ಒಂದು ಮಾತು. ಈ ಬರಹ ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ ಇರುವ 1ರಿಂದ 4 ಸಿಲಿಂಡರ್‌ಗಳ ಹಳೆಯ ಕ್ರಮದ ಎಂಜಿನ್‌ಗಳಿಗೆ. ಸಣ್ಣ ದೋಣಿಗಳಲ್ಲಿ ಬಹುಪಾಲು ಇರುವುದು ಅವೇ. ನಿಮ್ಮದು ಕಾಮನ್ ರೇಲ್ ಎಂಜಿನ್ (ಎಲ್ಲಾ ನಾಝಲ್‌ಗಳಿಗೂ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸೆಲ್ ಹಂಚುವ, ಎಲೆಕ್ಟ್ರಾನಿಕ್ ಹತೋಟಿಯ ಹೊಸ ಮಾದರಿ) ಆಗಿದ್ದರೆ ಹೈ ಪ್ರೆಶರ್ ಪೈಪಿನ ನಟ್ ಬಿಚ್ಚುವ ಭಾಗವನ್ನು ಖಂಡಿತ ಮಾಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಅದು ಕೈಯನ್ನೇ ಕೊಯ್ಯುತ್ತದೆ. ಆ ಎಂಜಿನ್‌ಗಳಿಗೆ ತಯಾರಕರ ಪುಸ್ತಕ ಹೇಳಿದ ಕ್ರಮ ಒಂದೇ ದಾರಿ.

ಡೀಸೆಲ್ ಹೋಗುವ ದಾರಿ

ಗಾಳಿ ತೆಗೆಯುವುದು ಕಷ್ಟದ ಕೆಲಸ ಅಲ್ಲ. ದಾರಿ ಗೊತ್ತಿಲ್ಲದೆ ಸಿಕ್ಕ ಸಿಕ್ಕ ಬೋಲ್ಟ್ ಬಿಚ್ಚಿದಾಗ ಕಷ್ಟ ಆಗುತ್ತದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಟಾರ್ಚ್ ಹಿಡಿದು ಟ್ಯಾಂಕ್‌ನಿಂದ ಹೊರಡಿ, ಪೈಪನ್ನು ಬೆರಳಿನಿಂದ ಮುಟ್ಟುತ್ತಾ ಎಂಜಿನ್‌ವರೆಗೆ ಬನ್ನಿ.

ಟ್ಯಾಂಕಿನ ಒಳಗೆ ಇಳಿಬಿಟ್ಟ ಒಂದು ಹೀರು ಪೈಪ್ ಇರುತ್ತದೆ. ಅಲ್ಲಿಂದ ಬಂದ್ ಮಾಡುವ ವಾಲ್ವ್. ಆಮೇಲೆ ಮೊದಲ ಫಿಲ್ಟರ್, ಅಂದರೆ ನೀರು ಬೇರೆ ಮಾಡುವ, ಕೆಳಗೆ ಪಾರದರ್ಶಕ ಬಟ್ಟಲು ಇರುವ ಫಿಲ್ಟರ್. ಇದರ ಒಳಗಿನ ಎಲಿಮೆಂಟ್ ಸಾಮಾನ್ಯವಾಗಿ 10ರಿಂದ 30 ಮೈಕ್ರಾನ್. ಅದಾದ ಮೇಲೆ ಫೀಡ್ ಪಂಪ್. ಎಂಜಿನ್ ಪಕ್ಕಕ್ಕೆ ಅಂಟಿಕೊಂಡು ಪುಟ್ಟ ಲಿವರ್ ಇರುವ ಡಯಾಫ್ರಮ್ ಪಂಪ್ (ಒಳಗಿನ ಪೊರೆ ಮೇಲೆ ಕೆಳಗೆ ಆಡಿ ಡೀಸೆಲ್ ಎಳೆಯುವಂಥದ್ದು) ಇರಬಹುದು, ಇಲ್ಲವೇ ಟಿಕ್ ಟಿಕ್ ಅನ್ನುವ ಎಲೆಕ್ಟ್ರಿಕ್ ಪಂಪ್ ಇರಬಹುದು. ಅಲ್ಲಿಂದ ಎಂಜಿನ್ ಮೇಲೆಯೇ ಕೂರಿಸಿರುವ ಎರಡನೇ ಫಿಲ್ಟರ್, ಅದು ಇನ್ನೂ ಸಣ್ಣ ಜರಡಿ. ಆಮೇಲೆ ಇಂಜೆಕ್ಷನ್ ಪಂಪ್. ಅದರಿಂದ ಹೊರಡುವ ಗಟ್ಟಿ ಉಕ್ಕಿನ ಸಣ್ಣ ಪೈಪುಗಳು, ಸಿಲಿಂಡರಿಗೆ ಒಂದರಂತೆ, ಇವೇ ಹೈ ಪ್ರೆಶರ್ ಪೈಪುಗಳು. ಕೊನೆಗೆ ನಾಝಲ್‌ಗಳು. ಅಲ್ಲಿ ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್.

ಇದರಲ್ಲಿ ಒಂದು ಗಡಿ ನೆನಪಿಡಿ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗೆ ಇರುವುದು ಹೀರುವ ಕಡೆ. ಫೀಡ್ ಪಂಪ್ ದಾಟಿದರೆ ತಳ್ಳುವ ಕಡೆ. ತಳ್ಳುವ ಕಡೆ ಸಡಿಲ ಇದ್ದರೆ ಡೀಸೆಲ್ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಹೀರುವ ಕಡೆ ಸಡಿಲ ಇದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಲ್ಲಾ ಒಣಗಿ ಚೊಕ್ಕವಾಗಿ ಕಾಣುತ್ತಿದ್ದರೂ ಅಲ್ಲೇ ಕಳ್ಳ ಕೂತಿರುತ್ತಾನೆ.

ಕೈಗೆ ಏನೇನು ಬೇಕು

ಬ್ಲೀಡ್ ಸ್ಕ್ರೂಗಳಿಗೆ, ಅಂದರೆ ಗಾಳಿ ಹೊರಬಿಡಲು ಸಡಿಲಿಸುವ ಸಣ್ಣ ಸ್ಕ್ರೂಗಳಿಗೆ, 8, 10, 12 ಮಿಮೀ ಸ್ಪ್ಯಾನರ್. ನಾಝಲ್ ಪೈಪಿನ ನಟ್‌ಗೆ ಬಹಳಷ್ಟು ಸಣ್ಣ ಎಂಜಿನ್‌ಗಳಲ್ಲಿ 17 ಮಿಮೀ, ಕೆಲವಕ್ಕೆ 19. ರಿಂಗ್ ಸ್ಪ್ಯಾನರ್ ಹಿಡಿಯುವ ಜಾಗದಲ್ಲಿ ಅದನ್ನೇ ಬಳಸಿ, ಓಪನ್ ಸ್ಪ್ಯಾನರ್ ಜಾರಿದರೆ ಬೋಲ್ಟಿನ ಮೂಲೆ ಸವೆದು ಆಮೇಲೆ ಅದು ಯಾವುದಕ್ಕೂ ಸಿಗುವುದಿಲ್ಲ. ಹೊಸ ಕಾಪರ್ ವಾಷರ್‌ಗಳು ಒಂದಷ್ಟು. ಜಾಸ್ತಿ ಬಟ್ಟೆ ಚಿಂದಿ. ಸ್ಕ್ರೂ ಕೆಳಗೆ ಹಿಡಿಯಲು ಒಂದು ಸಣ್ಣ ಡಬ್ಬಿ, ಪಾರದರ್ಶಕವಾಗಿದ್ದರೆ ಗುಳ್ಳೆ ಕಾಣುತ್ತದೆ. ಕೈಗವಸು, ಕನ್ನಡಕ. ಒಂದೆರಡು ಲೀಟರ್ ಶುದ್ಧ ಡೀಸೆಲ್ ಬೇರೆ ಕ್ಯಾನಿನಲ್ಲಿ.

ಚಿಂದಿ ಮತ್ತು ಡಬ್ಬಿ ಅಂದರೆ ಸುಮ್ನೆ ಶಿಸ್ತಿಗೆ ಹೇಳಿದ್ದಲ್ಲ. ಡೀಸೆಲ್ ಬಿದ್ದರೆ ಎಂಜಿನ್ ಕೂರಿಸಿರುವ ರಬ್ಬರ್ ಮೌಂಟ್‌ಗಳು ಉಬ್ಬಿ ಹಾಳಾಗುತ್ತವೆ, ದೋಣಿ ತಿಂಗಳುಗಟ್ಟಲೆ ನಾರುತ್ತದೆ, ಅಲೆಯಲ್ಲಿ ಆ ವಾಸನೆಗೆ ಎಂಥವರಿಗೂ ಹೊಟ್ಟೆ ತೊಳಸುತ್ತದೆ. ಇನ್ನೊಂದು, ದೋಣಿ ತಳದ ನೀರು ತಾನಾಗಿ ಎತ್ತುವ ಪಂಪ್ ಇದ್ದರೆ ಅದನ್ನು ಈ ಕೆಲಸ ಮುಗಿಯುವವರೆಗೆ ಆಫ್ ಮಾಡಿ. ಇಲ್ಲದಿದ್ದರೆ ನೀವು ಕೆಳಗೆ ಚೆಲ್ಲಿದ ಡೀಸೆಲ್ಲನ್ನು ಅದು ನೇರ ಹೊರಗೆ, ನೀರಿಗೆ ಎತ್ತಿ ಹಾಕುತ್ತದೆ. ಕೆಲಸ ಮುಗಿದು ತಳ ಒರೆಸಿದ ಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ.

ಎಂಜಿನ್ ಬಿಸಿ ಇದ್ದರೆ ಆರುವವರೆಗೆ ಕಾಯಿರಿ. ಕಾದ ಎಕ್ಸಾಸ್ಟ್ ಮೇಲೆ ಡೀಸೆಲ್ ಬೀಳುವುದು ಒಳ್ಳೆಯದಲ್ಲ.

ಮೊದಲು ಇವನ್ನು ನೋಡಿ

ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ನಗಬೇಡಿ. ಗೇಜ್ ನಂಬಬೇಡಿ, ಕಡ್ಡಿ ಅದ್ದಿ ನೋಡಿ. ಟ್ಯಾಂಕ್ ತುಂಬಿದಷ್ಟೂ ಈ ಕೆಲಸ ಸುಲಭ, ಯಾಕೆಂದರೆ ಡೀಸೆಲ್ ತನ್ನ ಭಾರಕ್ಕೇ ಅರ್ಧ ದಾರಿ ಬಂದುಬಿಡುತ್ತದೆ. ವಾಲ್ವ್ ತೆರೆದಿದೆಯಾ?

ಸ್ಟಾಪ್ ಕೇಬಲ್ ಎಲ್ಲಿದೆ? ಎಂಜಿನ್ ನಿಲ್ಲಿಸಲು ಎಳೆಯುವ ಆ ಗುಬ್ಬಿ ಹೊರಗೇ ಉಳಿದಿದ್ದರೆ ಇಂಜೆಕ್ಷನ್ ಪಂಪ್ ಒಂದು ಹನಿಯನ್ನೂ ಬಿಡುವುದಿಲ್ಲ. ನಾನು ಒಮ್ಮೆ ಒಂದು ಗಂಟೆಗೂ ಜಾಸ್ತಿ ಹೊತ್ತು ಎಲ್ಲಾ ಸ್ಕ್ರೂ ಬಿಚ್ಚಿ ಹಾಕಿ, ಬ್ಯಾಟರಿ ಅರ್ಧ ಖಾಲಿ ಮಾಡಿ, ಮೈಯೆಲ್ಲಾ ಡೀಸೆಲ್ ಮಾಡಿಕೊಂಡ ಮೇಲೆ ನೋಡಿದರೆ ಗುಬ್ಬಿ ಹೊರಗೆ ಎಳೆದೇ ಇತ್ತು. ಅದನ್ನು ಒಳಗೆ ತಳ್ಳಿದ ಐದನೇ ಸೆಕೆಂಡಿಗೆ ಎಂಜಿನ್ ಹತ್ತಿತು. ಕೇಬಲ್ ಬದಲು ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಕದಲುವ ಪುಟ್ಟ ಸಾಧನ) ಇರುವ ಎಂಜಿನ್ ಆಗಿದ್ದರೆ ಕೆಲವಕ್ಕೆ ಕೀ ಆನ್ ಇದ್ದರೆ ಮಾತ್ರ ಡೀಸೆಲ್ ದಾರಿ ತೆರೆಯುತ್ತದೆ. ಕೀ ಹಾಕಿದಾಗ ಟಕ್ ಅನ್ನುವ ಸದ್ದು ಕೇಳಬೇಕು.

ಇನ್ನು ಸಮುದ್ರದ ನೀರಿನ ವಾಲ್ವ್. ಈ ಒಂದು ವಿಷಯ ಗೊತ್ತಿಲ್ಲದೆ ಎಂಜಿನ್ನನ್ನೇ ಕಳೆದುಕೊಂಡವರಿದ್ದಾರೆ. ದೋಣಿಯ ಎಂಜಿನ್ ತಂಪಾಗಲು ಹೊರಗಿನ ನೀರನ್ನು ಪಂಪ್ ಮಾಡಿ ಅದನ್ನು ಎಕ್ಸಾಸ್ಟ್ ಜೊತೆ ಹೊರಗೆ ಉಗುಳುತ್ತದೆ. ಎಂಜಿನ್ ಓಡುತ್ತಿದ್ದರೆ ಹೊಗೆಯ ರಭಸ ಆ ನೀರನ್ನು ಹೊರಗೆ ತಳ್ಳುತ್ತದೆ. ಎಂಜಿನ್ ಹತ್ತದೆ ಬರೀ ಸೆಲ್ಫ್ ಹೊಡೆಯುತ್ತಿದ್ದರೆ ನೀರು ಬರುತ್ತಲೇ ಇರುತ್ತದೆ, ತಳ್ಳುವ ರಭಸ ಇರುವುದಿಲ್ಲ. ಮಫ್ಲರ್ ತುಂಬುತ್ತದೆ, ಆಮೇಲೆ ನೀರು ಹಿಂದಕ್ಕೆ ಏರಿ ಎಕ್ಸಾಸ್ಟ್ ವಾಲ್ವ್ ಮೂಲಕ ಸಿಲಿಂಡರ್ ಒಳಗೇ ಇಳಿಯುತ್ತದೆ. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹಾಗಾಗಿ ಒಂದೆರಡು ಸಲಕ್ಕಿಂತ ಜಾಸ್ತಿ ಸೆಲ್ಫ್ ಹೊಡೆಯಬೇಕಾಗಿ ಬಂದರೆ ನೀರು ಒಳಗೆ ಬರುವ ವಾಲ್ವ್ ಬಂದ್ ಮಾಡಿ, ಎಂಜಿನ್ ಹತ್ತಿದ ಕ್ಷಣ ತೆರೆಯಿರಿ. ಮರೆತರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಯ ಚಕ್ರ) ಒಣಗಿ ಸುಟ್ಟುಹೋಗುತ್ತದೆ. ಅದಕ್ಕೇ ಕೀ ಮೇಲೆ ಒಂದು ಚಿಂದಿ ಕಟ್ಟಿ, ಅಥವಾ ಕೀಯನ್ನೇ ತೆಗೆದು ವಾಲ್ವ್ ಹಿಡಿಗೆ ನೇತುಹಾಕಿ. ಈಗಾಗಲೇ ಬಹಳ ಹೊತ್ತು ಸೆಲ್ಫ್ ಹೊಡೆದಾಗಿದ್ದರೆ ಮಫ್ಲರ್ ಕೆಳಗಿನ ಪ್ಲಗ್ ಬಿಚ್ಚಿ ನೀರು ಬಸಿದುಬಿಡಿ.

ಹಂತ 1: ಮೊದಲ ಫಿಲ್ಟರ್

ಯಾವಾಗಲೂ ಟ್ಯಾಂಕ್ ಕಡೆಯಿಂದ ಶುರು ಮಾಡಿ ಎಂಜಿನ್ ಕಡೆಗೆ ಹೋಗಿ. ಹಿಂದೆ ಗಾಳಿ ಉಳಿಸಿಕೊಂಡು ಮುಂದೆ ಎಷ್ಟು ತೆಗೆದರೂ ಅದು ಮತ್ತೆ ಬಂದು ಸೇರುತ್ತದೆ.

ಫಿಲ್ಟರ್ ಬಟ್ಟಲಿನ ತಳದಲ್ಲಿ ನೀರು, ಕಸ ಇದ್ದರೆ ಕೆಳಗಿನ ಡ್ರೈನ್ ಬಿಚ್ಚಿ ಬಸಿಯಿರಿ. ಮುಚ್ಚಳ ಮೇಲಿಂದ ತೆರೆಯುವ ಮಾದರಿ ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ವಾಲ್ವ್ ಬಂದ್ ಮಾಡಿ, ಮುಚ್ಚಳ ತೆಗೆದು, ಕ್ಯಾನಿನ ಶುದ್ಧ ಡೀಸೆಲ್ಲನ್ನು ಅಂಚಿನವರೆಗೆ ಸುರಿಯಿರಿ. ಸೀಲ್ ರಿಂಗ್‌ಗೆ ಡೀಸೆಲ್ ಸವರಿ ಕೂರಿಸಿ ಮುಚ್ಚಿ, ವಾಲ್ವ್ ತೆರೆಯಿರಿ. ಅರ್ಧ ಗಂಟೆ ಪಂಪ್ ಮಾಡುವ ಕೆಲಸ ಎರಡು ನಿಮಿಷಕ್ಕೆ ಮುಗಿಯಿತು. ಕೆಳಗಿನಿಂದ ತಿರುಗಿಸಿ ಹಾಕುವ ಮಾದರಿ ಆದರೆ ಮೇಲ್ಭಾಗದಲ್ಲಿ ಒಂದು ಬ್ಲೀಡ್ ಸ್ಕ್ರೂ ಇರುತ್ತದೆ, ಕೆಲವಕ್ಕೆ ತಲೆಯ ಮೇಲೆಯೇ ಕೈ ಪಂಪ್ ಇರುತ್ತದೆ. ಸ್ಕ್ರೂ ಒಂದೂವರೆ ಸುತ್ತು ಸಡಿಲಿಸಿ. ಟ್ಯಾಂಕ್ ಎತ್ತರದಲ್ಲಿದ್ದರೆ ಡೀಸೆಲ್ ತಾನಾಗಿಯೇ ಬರುತ್ತದೆ, ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಶುದ್ಧ ಧಾರೆ. ಧಾರೆ ಬಂದಾಗ ಬಿಗಿ ಮಾಡಿ.

ಟ್ಯಾಂಕ್ ಫಿಲ್ಟರಿಗಿಂತ ಕೆಳಗಿದ್ದರೆ ಈ ಸ್ಕ್ರೂ ಬಿಚ್ಚಿದರೆ ಉಪಯೋಗ ಇಲ್ಲ. ಹೀರುವ ಕಡೆ ಬಿಚ್ಚಿದರೆ ಡೀಸೆಲ್ ಕೆಳಗೆ ಇಳಿದು ಇನ್ನಷ್ಟು ಗಾಳಿಯೇ ಒಳಗೆ ಹೋಗುತ್ತದೆ. ಆಗ ಫಿಲ್ಟರನ್ನು ಆದಷ್ಟು ತುಂಬಿಸಿ ಮುಚ್ಚಿ, ಉಳಿದಿದ್ದನ್ನು ಮುಂದಿನ ಹಂತದಲ್ಲಿ ಫೀಡ್ ಪಂಪ್‌ನಿಂದಲೇ ಎಳೆಯಬೇಕು.

ಹಂತ 2: ಫೀಡ್ ಪಂಪ್ ಮತ್ತು ಎರಡನೇ ಫಿಲ್ಟರ್

ಎರಡನೇ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಒಂದೂವರೆ ಸುತ್ತು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಅದು ಎಂಜಿನ್ ಕೆಳಗೆ ಬಿದ್ದರೆ ಹುಡುಕುವುದೇ ಒಂದು ದಿನದ ಕೆಲಸ. ಕೆಳಗೆ ಡಬ್ಬಿ ಹಿಡಿದು ಫೀಡ್ ಪಂಪಿನ ಪುಟ್ಟ ಲಿವರನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ, ಒತ್ತಿ ಬಿಡಿ.

ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಲಿವರ್ ಒತ್ತಿದರೆ ಸಡಿಲವಾಗಿ ಲೊಡಲೊಡ ಅನ್ನುತ್ತದೆ, ಏನೂ ಹೀರುವುದಿಲ್ಲ. ಪಂಪ್ ಹಾಳಾಗಿದೆ ಅಂತ ತಿಳಿದು ಹೊಸದು ತರಲು ಓಡುತ್ತಾರೆ. ಪಂಪ್ ಚೆನ್ನಾಗಿಯೇ ಇರುತ್ತದೆ. ಎಂಜಿನ್ ನಿಂತಾಗ ಒಳಗಿನ ಕ್ಯಾಮ್ (ತಿರುಗುವ ಶಾಫ್ಟಿನ ಮೇಲಿನ ಉಬ್ಬು) ಆ ಪಂಪಿನ ಡಯಾಫ್ರಮನ್ನು ಆಗಲೇ ಪೂರ್ತಿ ಎಳೆದು ಹಿಡಿದಿರುತ್ತದೆ, ಕೈ ಲಿವರಿಗೆ ಎಳೆಯಲು ಏನೂ ಉಳಿದಿರುವುದಿಲ್ಲ, ಅಷ್ಟೇ. ಕ್ರ್ಯಾಂಕ್ ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿ. ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಶನ್ ಲಿವರ್ ಇದ್ದರೆ ಎತ್ತಿಕೊಳ್ಳಿ, ಸುಲಭ ಆಗುತ್ತದೆ. ಕ್ಯಾಮ್ ಶಾಫ್ಟ್ ಎಂಜಿನ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದು ಸುತ್ತಿಗೆ ಕ್ಯಾಮ್ ಆಚೆ ಬದಿಗೆ ಹೋಗುತ್ತದೆ, ಲಿವರಿಗೆ ಹಿಡಿತ ಬರುತ್ತದೆ. ಸರಿಯಾಗಿದ್ದಾಗ ಒತ್ತುವ ಪ್ರತಿ ಸಲ ಸ್ಪ್ರಿಂಗಿನ ಒತ್ತಡ ಬೆರಳಿಗೆ ತಿಳಿಯುತ್ತದೆ.

ಈ ಪುಟ್ಟ ಲಿವರ್ ಒಂದು ಸಲಕ್ಕೆ ಎಳೆಯುವುದು ಬಹಳ ಕಡಿಮೆ. ಪೈಪ್ ಪೂರ್ತಿ ಖಾಲಿ ಇದ್ದರೆ ಐವತ್ತು, ನೂರು ಸಲ ಒತ್ತಬೇಕಾಗಬಹುದು. ಹೆಬ್ಬೆರಳು ನೋಯುತ್ತದೆ, ಬೇಸರ ಬರುತ್ತದೆ, ಆದರೂ ಬಿಡಬೇಡಿ. ಎಲೆಕ್ಟ್ರಿಕ್ ಪಂಪ್ ಇದ್ದವರು ಪುಣ್ಯವಂತರು, ಕೀ ಆನ್ ಮಾಡಿ ಸ್ಕ್ರೂ ಸಡಿಲಿಸಿ ನೋಡುತ್ತಾ ಕೂತರೆ ಸಾಕು. ಟಿಕ್ ಟಿಕ್ ಅನ್ನುವ ಪಂಪ್‌ಗಳಲ್ಲಿ ಗಾಳಿ ಇದ್ದಾಗ ಸದ್ದು ಬೇಗ ಬೇಗ ಬರುತ್ತದೆ, ಲೈನ್ ತುಂಬಿ ಮುಚ್ಚಿದ ಮೇಲೆ ನಿಧಾನ ಆಗುತ್ತದೆ. ಕಿವಿಗೆ ಅದು ಒಳ್ಳೆಯ ಗುರುತು.

ಮೊದಲು ಸ್ಕ್ರೂ ಸುತ್ತ ನೊರೆ ಉಕ್ಕುತ್ತದೆ. ಆಮೇಲೆ ಡೀಸೆಲ್ ಬರುತ್ತದೆ, ನಡುನಡುವೆ ಗುಳ್ಳೆ. ಒಮ್ಮೆ ಗುಳ್ಳೆ ನಿಂತಿತು ಅಂತ ತಕ್ಷಣ ಮುಚ್ಚಬೇಡಿ, ಇನ್ನೂ ಹತ್ತು ಸಲ ಒತ್ತಿ. ಪೈಪಿನ ಏರು ತಗ್ಗಿನಲ್ಲಿ ಸಿಕ್ಕಿಕೊಂಡ ಗುಳ್ಳೆ ತಡವಾಗಿ ಬರುತ್ತದೆ. ಲಿವರ್ ಒತ್ತುತ್ತಾ, ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಒತ್ತುವುದು ನಿಲ್ಲಿಸಿ ಆಮೇಲೆ ಮುಚ್ಚಿದರೆ ಕೊನೆಯ ಕ್ಷಣ ಒಂದು ಗುಟುಕು ಗಾಳಿ ಮತ್ತೆ ಒಳಗೆ ಹೋಗುತ್ತದೆ.

ಬಿಗಿ ಮಾಡುವಾಗ ಜೋರು ತೋರಿಸಬೇಡಿ. ಈ ಸ್ಕ್ರೂಗಳು, ಪೈಪಿನ ತುದಿ ಹಿಡಿದಿಡುವ ಬ್ಯಾಂಜೋ ಬೋಲ್ಟ್‌ಗಳು ಒಳಗೆ ಟೊಳ್ಳು, ಸುಲಭವಾಗಿ ಮುರಿಯುತ್ತವೆ. ಕುಳಿತಿತು ಅನ್ನಿಸಿದ ಮೇಲೆ ಇನ್ನೊಂದು ಚೂರು, ಅಷ್ಟು ಸಾಕು. ಆದರೂ ಜಿನುಗಿದರೆ ವಾಷರ್ ಬದಲಾಯಿಸಿ, ಬಲ ಹಾಕಬೇಡಿ. ಹೊಸ ಕಾಪರ್ ವಾಷರ್ ಇಲ್ಲವೇ ಇಲ್ಲ ಅನ್ನುವಾಗ ಹಳೆಯದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ, ಒಂದು ಸಲಕ್ಕೆ ನಡೆಯುತ್ತದೆ. ಇದನ್ನು ಎಂಜಿನ್‌ನಿಂದ ದೂರ ಮಾಡಿ ಅಂತ ಹೇಳಬೇಕಾಗಿಲ್ಲ ಅಲ್ವಾ.

ಹೊಸ ಎರಡನೇ ಫಿಲ್ಟರ್ ಹಾಕುವಾಗ ಮೊದಲೇ ಡೀಸೆಲ್ ತುಂಬಿಸಬೇಕೇ ಬೇಡವೇ ಅಂತ ಯಾವಾಗಲೂ ಜಗಳ ಇದೆ. ನನ್ನ ಪಕ್ಷ ಬೇಡ ಅಂತ. ಇದಾದ ಮೇಲೆ ಇರುವುದು ಇಂಜೆಕ್ಷನ್ ಪಂಪ್, ನಡುವೆ ಬೇರೆ ಜರಡಿ ಇಲ್ಲ. ಕ್ಯಾನಿನಿಂದ ಸುರಿದ ಡೀಸೆಲ್‌ನಲ್ಲಿ ಒಂದು ಕಣ ಇದ್ದು ಅದು ಸೋಸಿದ ಬದಿಗೆ ಬಿದ್ದರೆ ನೇರ ಪಂಪಿಗೇ ಹೋಗುತ್ತದೆ. ಸ್ವಲ್ಪ ಜಾಸ್ತಿ ಪಂಪ್ ಮಾಡುವುದು ಅದಕ್ಕಿಂತ ಅಗ್ಗ.

ಹಂತ 3: ಇಂಜೆಕ್ಷನ್ ಪಂಪ್

ಎರಡನೇ ಫಿಲ್ಟರಿನಿಂದ ಇಂಜೆಕ್ಷನ್ ಪಂಪಿಗೆ ಬರುವ ಪೈಪ್ ಸೇರುವ ಜಾಗದಲ್ಲಿ, ಇಲ್ಲವೇ ಅದರ ಹತ್ತಿರವೇ ಇನ್ನೊಂದು ಬ್ಲೀಡ್ ಸ್ಕ್ರೂ ಇರುತ್ತದೆ. ಅದೇ ಕೆಲಸ, ಸಡಿಲಿಸಿ, ಪಂಪ್ ಮಾಡಿ, ಗುಳ್ಳೆ ನಿಂತ ಮೇಲೆ ಹರಿಯುತ್ತಿರುವಾಗಲೇ ಮುಚ್ಚಿ. ಇಲ್ಲಿ ಪೈಪ್ ಚಿಕ್ಕದಾದ್ದರಿಂದ ಬೇಗ ಮುಗಿಯುತ್ತದೆ. ಯಾವ ಸ್ಕ್ರೂ ಅಂತ ಗೊತ್ತಾಗದಿದ್ದರೆ ಎಂಜಿನ್‌ನ ಪುಸ್ತಕ ನೋಡಿ. ಇಂಜೆಕ್ಷನ್ ಪಂಪಿನ ಮೇಲೆ ಸೀಲ್ ಹಾಕಿದ, ಬಣ್ಣ ಬಳಿದ, ತಂತಿ ಕಟ್ಟಿದ ಸ್ಕ್ರೂಗಳು ಇದ್ದರೆ ಅವು ಡೀಸೆಲ್ ಪ್ರಮಾಣ ಮತ್ತು ವೇಗ ಹೊಂದಿಸಿ ಇಟ್ಟಿರುವವು. ಅವನ್ನು ಮುಟ್ಟಿದರೆ ಗಾಳಿಗಿಂತ ದೊಡ್ಡ ತಲೆನೋವು.

ಇಲ್ಲಿಗೆ ಒಮ್ಮೆ ನಿಲ್ಲಿ. ಬರೀ ಫಿಲ್ಟರ್ ಬದಲಾಯಿಸಿದ ಕಾರಣಕ್ಕೆ ಗಾಳಿ ತೆಗೆಯುತ್ತಿದ್ದು, ಎಂಜಿನ್ ಅದಾದ ಮೇಲೆ ಓಡಿಯೇ ಇಲ್ಲ ಅಂದರೆ ಹೈ ಪ್ರೆಶರ್ ಪೈಪುಗಳಲ್ಲಿ ಡೀಸೆಲ್ ಹಾಗೆಯೇ ಇದೆ. ನೇರ ಸ್ಟಾರ್ಟ್ ಮಾಡಿ ನೋಡಿ, ಬಹಳ ಸಲ ಹತ್ತುತ್ತದೆ. ಈಚಿನ ಹಲವು ಸಣ್ಣ ಎಂಜಿನ್‌ಗಳು ಇಂಜೆಕ್ಷನ್ ಪಂಪಿನಲ್ಲಿರುವ ಗಾಳಿಯನ್ನು ರಿಟರ್ನ್ ಪೈಪಿಗೆ ತಾವೇ ಹೊರಹಾಕುತ್ತವೆ. ಅಂಥವಕ್ಕೆ ಎಲ್ಲಾ ಮುಚ್ಚಿ ಲಿವರ್ ಒತ್ತುತ್ತಾ ಇದ್ದರೆ, ಅಥವಾ ಎಲೆಕ್ಟ್ರಿಕ್ ಪಂಪನ್ನು ಎರಡು ಮೂರು ನಿಮಿಷ ಓಡಿಸಿದರೆ ಸಾಕು.

ಹಂತ 4: ನಾಝಲ್ ಕಡೆ

ಎಂಜಿನ್ ಓಡುತ್ತಾ ಓಡುತ್ತಾ ಗಾಳಿ ಕುಡಿದು ನಿಂತಿದ್ದರೆ ಉಕ್ಕಿನ ಪೈಪುಗಳಲ್ಲೂ ಗಾಳಿ ಇರುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ.

ನಾಝಲ್ ಮೇಲೆ ಪೈಪ್ ಸೇರುವ ನಟ್ ಅನ್ನು ಅರ್ಧದಿಂದ ಒಂದು ಸುತ್ತು ಸಡಿಲಿಸಿ. ಪೈಪನ್ನು ಬಗ್ಗಿಸಬೇಡಿ, ಬಿಚ್ಚಿ ತೆಗೆಯಬೇಡಿ. ನಟ್ ಜೊತೆ ಅದರ ಕೆಳಗಿನ ಭಾಗವೂ ತಿರುಗುತ್ತಿದ್ದರೆ ಅದಕ್ಕೆ ಇನ್ನೊಂದು ಸ್ಪ್ಯಾನರ್ ಹಾಕಿ ಹಿಡಿದುಕೊಳ್ಳಿ. ಎಲ್ಲಾ ಸಿಲಿಂಡರ್‌ಗಳ ನಟ್‌ಗಳನ್ನೂ ಒಟ್ಟಿಗೆ ಸಡಿಲಿಸಬಹುದು, ಸುತ್ತ ಚಿಂದಿ ಹೊದಿಸಿ.

ಗೇರ್ ನ್ಯೂಟ್ರಲ್. ನೀರಿನ ವಾಲ್ವ್ ಬಂದ್. ಸ್ಟಾಪ್ ಗುಬ್ಬಿ ಒಳಗೆ. ಥ್ರಾಟಲ್ ಪೂರ್ತಿ ಮುಂದೆ, ಯಾಕೆಂದರೆ ಥ್ರಾಟಲ್ ಕೆಳಗಿದ್ದರೆ ಪಂಪ್ ತಳ್ಳುವುದು ತೀರಾ ಕಡಿಮೆ. ಡಿಕಂಪ್ರೆಶನ್ ಲಿವರ್ ಇದ್ದರೆ ಎತ್ತಿ, ಎಂಜಿನ್ ಹಗುರವಾಗಿ ಬೇಗ ತಿರುಗುತ್ತದೆ, ಬ್ಯಾಟರಿ ಉಳಿಯುತ್ತದೆ. ಈಗ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡ್, ಆಮೇಲೆ ಅರ್ಧದಿಂದ ಒಂದು ನಿಮಿಷ ಬಿಡುವು. ಸ್ಟಾರ್ಟರ್ ಮೋಟಾರ್ ಬೇಗ ಬಿಸಿಯಾಗುತ್ತದೆ, ಸುಟ್ಟರೆ ಇಡೀ ಕತೆಯೇ ಬೇರೆ.

ಮೊದಲು ಏನೂ ಬರುವುದಿಲ್ಲ. ಆಮೇಲೆ ನಟ್ ಸುತ್ತ ಸಣ್ಣ ನೊರೆ. ಆಮೇಲೆ ಎಂಜಿನ್ ತಿರುಗುವ ತಾಳಕ್ಕೆ ಸರಿಯಾಗಿ ಚಿಮ್ಮು, ಚಿಮ್ಮು. ನೊರೆ ಇಲ್ಲದ ಚಿಮ್ಮು ಯಾವ ನಾಝಲ್‌ನಲ್ಲಿ ಬಂತೋ ಅದನ್ನು ಬಿಗಿ ಮಾಡಿ, ಹೀಗೆ ಒಂದೊಂದೇ. ಮೂರು ಸಿಲಿಂಡರ್ ಇದ್ದರೆ ಎರಡು ಸರಿಯಾದಾಗಲೇ ಎಂಜಿನ್ ಹತ್ತಲು ನೋಡಬಹುದು, ಗಾಬರಿ ಬೇಡ, ಥ್ರಾಟಲ್ ಇಳಿಸಿ. ಇಬ್ಬರು ಇದ್ದರೆ ಈ ಕೆಲಸ ಚೆಂದ, ಒಬ್ಬರು ಕೀ ಹತ್ತಿರ, ಒಬ್ಬರು ನಾಝಲ್ ಹತ್ತಿರ, ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ.

ಡೀಸೆಲ್ ಎಲ್ಲಿಂದ ಸೋರುತ್ತಿದೆ ಅಂತ ಬೆರಳಿಟ್ಟು ನೋಡಬೇಡಿ, ರಟ್ಟು ಹಿಡಿದು ನೋಡಿ. ಸಡಿಲಿಸಿದ ನಟ್‌ನಲ್ಲಿ ಒತ್ತಡ ಇರುವುದಿಲ್ಲ ನಿಜ, ಆದರೆ ಬಿಗಿಯಾದ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳು ಇದ್ದರೆ ಅಲ್ಲಿಂದ ಬರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲು ನೋವೂ ಇರುವುದಿಲ್ಲ. ಹಾಗಾದರೆ ಕಾಯುವ ಮಾತೇ ಇಲ್ಲ, ತಕ್ಷಣ ಆಸ್ಪತ್ರೆ, ಡೀಸೆಲ್ ಚರ್ಮದೊಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಬೇಕು. ತಡ ಮಾಡಿ ಬೆರಳು ಕಳೆದುಕೊಂಡವರಿದ್ದಾರೆ.

ಸ್ಟಾರ್ಟ್

ಎಲ್ಲಾ ನಟ್ ಬಿಗಿ ಆದವಾ ಅಂತ ಇನ್ನೊಮ್ಮೆ ಕೈ ಆಡಿಸಿ. ಡಿಕಂಪ್ರೆಶನ್ ಇಳಿಸಿ. ಥ್ರಾಟಲ್ ಮೂರನೇ ಒಂದು ಭಾಗಕ್ಕೆ. ಸಿಲಿಂಡರ್ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಇದ್ದರೆ ಕಾಯಿಸಿ. ಸೆಲ್ಫ್.

ಹತ್ತಿದ ತಕ್ಷಣ ನೀರಿನ ವಾಲ್ವ್ ತೆರೆಯಿರಿ, ಎಕ್ಸಾಸ್ಟ್‌ನಲ್ಲಿ ನೀರು ಬರುತ್ತಿದೆಯಾ ನೋಡಿ. ಒಂದೆರಡು ನಿಮಿಷ ಕೆಮ್ಮುತ್ತದೆ, ಬಿಳಿ ಹೊಗೆ ಬರುತ್ತದೆ, ಸದ್ದು ಏರಿಳಿಯುತ್ತದೆ. ಉಳಿದ ಗುಳ್ಳೆಗಳು ಹೋಗುತ್ತಿವೆ. ಆಫ್ ಮಾಡಬೇಡಿ, ಥ್ರಾಟಲ್ ಸ್ವಲ್ಪ ಏರಿಸಿ ಹಿಡಿದುಕೊಳ್ಳಿ. ಸಮ ಆದ ಮೇಲೆ ದೋಣಿ ಕಟ್ಟಿದ್ದಂತೆಯೇ ಗೇರ್ ಹಾಕಿ 15–20 ನಿಮಿಷ ಲೋಡ್ ಮೇಲೆ ಓಡಿಸಿ, ಹಗ್ಗಗಳು ಗಟ್ಟಿ ಇವೆಯಾ ನೋಡಿಕೊಂಡು. ಐಡಲ್‌ನಲ್ಲಿ ಚೆನ್ನಾಗಿ ಓಡಿ ಲೋಡ್ ಬಿದ್ದಾಗ ನಿಲ್ಲುವುದು ಗಾಳಿಯ ಹಳೆಯ ಚಾಳಿ. ಅದು ನಡು ನೀರಿನಲ್ಲಿ ಗೊತ್ತಾಗುವುದಕ್ಕಿಂತ ಕಟ್ಟೆಯಲ್ಲೇ ಗೊತ್ತಾಗಲಿ. ಒಣ ಕಾಗದ ಹಿಡಿದು ಮುಟ್ಟಿದ ಪ್ರತಿ ಸ್ಕ್ರೂ ಸುತ್ತ ಒರೆಸಿ ನೋಡಿ, ಒದ್ದೆಯಾದರೆ ಅಲ್ಲಿ ಸೋರುತ್ತಿದೆ.

ಇಷ್ಟಾದರೂ ಹತ್ತದಿದ್ದರೆ ಎಕ್ಸಾಸ್ಟ್ ನೋಡಿ. ಸೆಲ್ಫ್ ಹೊಡೆದಾಗ ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್ ಮುಟ್ಟುತ್ತಿಲ್ಲ, ಮತ್ತೆ ಸ್ಟಾಪ್ ಗುಬ್ಬಿಯಿಂದ ಶುರು ಮಾಡಿ. ಬಿಳಿ ಹೊಗೆ ಬರುತ್ತಿದೆ ಆದರೆ ಹತ್ತುತ್ತಿಲ್ಲ ಅಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಗ್ಲೋ ಪ್ಲಗ್, ಸೋತ ಬ್ಯಾಟರಿಯಿಂದ ನಿಧಾನ ತಿರುಗುವುದು, ಡೀಸೆಲ್‌ನಲ್ಲಿ ನೀರು, ಇವನ್ನು ನೋಡಿ. ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆದು ಹತ್ತಿಸುವ ಆಸೆ ಬೇಡ. ಗ್ಲೋ ಪ್ಲಗ್ ಕಾದಿರುವ ಎಂಜಿನ್‌ಗೆ ಅದು ಸಿಡಿಮದ್ದು.

ಗಾಳಿ ಎಲ್ಲಿಂದ ಬಂತು

ಡೀಸೆಲ್ ಖಾಲಿಯಾಗಿ ಅಥವಾ ಫಿಲ್ಟರ್ ಬಿಚ್ಚಿ ಗಾಳಿ ಬಂದಿದ್ದರೆ ಕೆಲಸ ಮುಗಿಯಿತು. ಏನೂ ಮಾಡದೆ ಬಂದಿದ್ದರೆ ಅದು ನಾಳೆ ಮತ್ತೆ ಬರುತ್ತದೆ.

ಯಾವಾಗ ಬರುತ್ತದೆ ಅನ್ನುವುದೇ ದೊಡ್ಡ ಸುಳಿವು. ಟ್ಯಾಂಕ್ ತುಂಬಿದ್ದಾಗ ತೊಂದರೆ ಇಲ್ಲ, ಅರ್ಧಕ್ಕೆ ಇಳಿದ ಮೇಲೆ ಶುರು ಅಂದರೆ ಸಡಿಲ ಜಾಗ ಡೀಸೆಲ್ ಮಟ್ಟಕ್ಕಿಂತ ಮೇಲೆ ಎಲ್ಲೋ ಇದೆ, ಅಥವಾ ಟ್ಯಾಂಕಿನ ಹೀರು ಪೈಪಿನಲ್ಲೇ ಬಿರುಕಿದೆ. ರಾತ್ರಿ ಬಿಟ್ಟು ಬೆಳಿಗ್ಗೆ ಮಾತ್ರ ಹತ್ತಿ ನಿಲ್ಲುತ್ತದೆ ಅಂದರೆ ಗಾಳಿ ಹೊಕ್ಕು ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಇಳಿದು ಹೋಗುತ್ತಿದೆ. ಅಲೆಯಲ್ಲಿ ದೋಣಿ ವಾಲಿದಾಗ ಮಾತ್ರ ಅಂದರೆ ಡೀಸೆಲ್ ಪಕ್ಕಕ್ಕೆ ಹೋಗಿ ಹೀರು ಪೈಪಿನ ಬಾಯಿ ತೆರೆದುಕೊಳ್ಳುತ್ತಿದೆ, ಟ್ಯಾಂಕ್ ತುಂಬಿಸಿ. ಗಂಟೆಗಟ್ಟಲೆ ಓಡಿ ನಿಧಾನವಾಗಿ ಸೋತು ನಿಲ್ಲುತ್ತದೆ ಅಂದರೆ ಟ್ಯಾಂಕ್ ಮುಚ್ಚಳ ತೆರೆಯಿರಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಉಸಿರಾಡುವ ವೆಂಟ್ ಪೈಪ್ ಕಟ್ಟಿದೆ.

ಹೀರುವ ಬಾಯಿಯಲ್ಲಿ ಕಪ್ಪು ಲೋಳೆ ಕಟ್ಟಿಕೊಂಡರೂ ಹೀಗೇ ಆಗುತ್ತದೆ. ಟ್ಯಾಂಕ್ ತಳದಲ್ಲಿ ನೀರು ನಿಂತರೆ ನೀರು ಡೀಸೆಲ್ ಸೇರುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಆ ಲೋಳೆ ಅವುಗಳದ್ದು. ದಾರಿ ಕಟ್ಟಿದಷ್ಟೂ ಪಂಪ್ ಜೋರಾಗಿ ಎಳೆಯುತ್ತದೆ, ಇಷ್ಟು ದಿನ ಸುಮ್ಮನಿದ್ದ ಸಡಿಲ ಜಾಗಗಳೂ ಗಾಳಿ ಬಿಡಲು ಶುರು ಮಾಡುತ್ತವೆ.

ಜಾಗ ಹುಡುಕಲು ನನಗೆ ಇಷ್ಟವಾದ ಉಪಾಯ ಕ್ಯಾನ್ ಉಪಾಯ. ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಅಲ್ಲಿಗೆ ಒಂದು ಪಾರದರ್ಶಕ ಹೋಸ್ ಹಾಕಿ ಅದರ ತುದಿಯನ್ನು ಡೀಸೆಲ್ ಕ್ಯಾನಿನಲ್ಲಿ ಅದ್ದಿ. ರಿಟರ್ನ್ ಟ್ಯಾಂಕಿಗೇ ಹೋಗಲಿ, ಕ್ಯಾನ್ ಖಾಲಿಯಾಗದಂತೆ ನೋಡಿಕೊಳ್ಳಿ. ಎಂಜಿನ್ ಚೆನ್ನಾಗಿ ಓಡಿದರೆ ತೊಂದರೆ ಟ್ಯಾಂಕ್ ಕಡೆ ಇದೆ. ಆಗ ಒಂದೊಂದೇ ಭಾಗ ವಾಪಸ್ ಸೇರಿಸುತ್ತಾ ಬನ್ನಿ, ಮೊದಲ ಫಿಲ್ಟರ್ ಸೇರಿಸಿ ಓಡಿಸಿ, ಆಮೇಲೆ ವಾಲ್ವ್, ಆಮೇಲೆ ಟ್ಯಾಂಕ್. ಯಾವುದನ್ನು ಸೇರಿಸಿದಾಗ ಹೋಸ್‌ನಲ್ಲಿ ಗುಳ್ಳೆ ಕಾಣುತ್ತದೋ ಅದೇ. ಕ್ಯಾನಿನಿಂದಲೂ ಓಡದಿದ್ದರೆ ಫೀಡ್ ಪಂಪ್ ನೋಡಿ. ಡಯಾಫ್ರಮ್ ತೂತಾಗಿದ್ದರೆ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ, ಡೀಸೆಲ್ ವಾಸನೆ ಬಂದರೆ ಎಂಜಿನ್ ಓಡಿಸಬೇಡಿ, ಪಂಪ್ ಮತ್ತು ಆಯಿಲ್ ಎರಡೂ ಬದಲಾಗಬೇಕು. ಪರೀಕ್ಷೆ ಮುಗಿದ ಮೇಲೆ ಆ ಪಾರದರ್ಶಕ ಹೋಸ್ ತೆಗೆದುಬಿಡಿ. ಎಂಜಿನ್ ಕೋಣೆಯಲ್ಲಿ ಉಳಿಯಬೇಕಾದದ್ದು ಬೆಂಕಿ ತಡೆಯುವ, ಐಎಸ್ಒ 7840 ಗುರುತಿರುವ ಡೀಸೆಲ್ ಹೋಸ್.

ನನ್ನ ಅನುಭವದಲ್ಲಿ ಕಳ್ಳ ಸಿಕ್ಕಿದ್ದು ಹೆಚ್ಚಾಗಿ ಮೊದಲ ಫಿಲ್ಟರಿನಲ್ಲೇ. ಎರಡು ಸಲ ಕೂರಿಸಿದ ಹಳೆಯ ಸೀಲ್ ರಿಂಗ್, ಅಥವಾ ನೀರು ಬಸಿದು ಅರ್ಧ ಬಿಗಿ ಮಾಡಿದ ಡ್ರೈನ್. ಆಮೇಲಿನ ಸ್ಥಾನ ಹೋಸ್ ಕ್ಲಿಪ್‌ಗಳಿಗೆ. ಹಾಗಾಗಿ ಎಲ್ಲಾ ಬಿಚ್ಚುವ ಮೊದಲು ಆ ಎರಡನ್ನು ನೋಡಿಬಿಡಿ.

ಕೆಲಸ ಮುಗಿದು ಕೈ ತೊಳೆಯುವ ಮೊದಲು ಇನ್ನೊಂದು. ಬಿಚ್ಚಿದ ಬ್ಲೀಡ್ ಸ್ಕ್ರೂಗಳ ತಲೆಗೆ ಬಿಳಿ ಬಣ್ಣದ ಚುಕ್ಕೆ ಇಟ್ಟು, ಟ್ಯಾಂಕ್ ಕಡೆಯಿಂದ 1, 2, 3 ಅಂತ ಪಕ್ಕದಲ್ಲಿ ಬರೆಯಿರಿ. ಅವಕ್ಕೆ ಬೇಕಾದ ಸ್ಪ್ಯಾನರ್‌ಗಳನ್ನೂ ನಾಲ್ಕು ಕಾಪರ್ ವಾಷರ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ಎಂಜಿನ್ ಪಕ್ಕದಲ್ಲೇ ನೇತುಹಾಕಿ. ಮುಂದಿನ ಸಲ ಈ ಕೆಲಸ ಬರುವುದು ಕತ್ತಲಲ್ಲಿ, ದೋಣಿ ಓಲಾಡುವಾಗ.